ಒತ್ತೆಯಾದ ಅಂಕಪಟ್ಟಿ: ಕರಾರು, ಅಮಾನತ್ತು ಮತ್ತು ದುಡಿಯುವವನ ಇತಿಹಾಸ

ಬಾಗಲಕೋಟೆ ತಾಲೂಕಿನ ಬೇವೂರಿನಂತಹ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಲ್ಲಿ ಚಿನ್ನಕ್ಕಿಂತ ಜೋಪಾನವಾಗಿ ಕಾಯ್ದಿಟ್ಟ ಒಂದು ಪ್ಲಾಸ್ಟಿಕ್ ಫೈಲು ಇರುತ್ತದೆ. ಎಸ್ಸೆಸ್ಸೆಲ್ಸಿಯ ಅಂಕಪಟ್ಟಿ, ಪಿಯುಸಿಯ ಅಂಕಪಟ್ಟಿ, ವರ್ಗಾವಣೆ ಪತ್ರ, ಪದವಿ ಪ್ರಮಾಣಪತ್ರ. ಆ ನಾಲ್ಕು ಹಾಳೆಗಳ ಹಿಂದೆ ತಂದೆಯ ಹದಿನೈದು ವರ್ಷಗಳ ಕೂಲಿಯೂ ತಾಯಿಯ ಅಡವಿಟ್ಟ ಬಳೆಗಳೂ ಇರುತ್ತವೆ. ಮಗನೋ ಮಗಳೋ ಕೆಲಸಕ್ಕಾಗಿ ಬೆಂಗಳೂರಿಗೋ ಮಂಗಳೂರಿಗೋ ಹೊರಡುವ ದಿನ ಆ ಫೈಲು ಮೊದಲ ಬಾರಿಗೆ ಮನೆಯ ಹೊಸ್ತಿಲನ್ನು ದಾಟುತ್ತದೆ. ಕೆಲಸಕ್ಕೆ ಸೇರಿದ ದಿನ ಕಚೇರಿಯವರು ಎರಡು ಸಂಗತಿಗಳನ್ನು ಮುಂದಿಡುತ್ತಾರೆ. ಒಂದು, ಎರಡು ಅಥವಾ ಮೂರು ವರ್ಷ ಬಿಟ್ಟುಹೋಗುವುದಿಲ್ಲವೆಂಬ ಬಾಂಡಿಗೆ ಸಹಿ. ಎರಡು, ಆ ಅವಧಿ ಮುಗಿಯುವವರೆಗೆ ಮೂಲ ದಾಖಲೆಗಳೆಲ್ಲ ಅವರ ಕಪಾಟಿನಲ್ಲಿ.

ಸಹಿ ಮಾಡುವ ಕೈ ಅಂದು ಯೋಚಿಸುವುದಿಲ್ಲ. ಕೆಲಸ ಸಿಕ್ಕಿತೆಂಬ ಸಂತಸವೇ ದೊಡ್ಡದಾಗಿರುತ್ತದೆ. ಆದರೆ ವರ್ಷ ಕಳೆಯುವಷ್ಟರಲ್ಲಿ ಸಂಬಳ ತಡವಾದರೆ, ಮನೆಯಲ್ಲಿ ತಾಯಿ ಹಾಸಿಗೆ ಹಿಡಿದರೆ ಅಥವಾ ಇದಕ್ಕಿಂತ ಉತ್ತಮವಾದ ಕೆಲಸವೊಂದು ದೊರೆತರೆ, ಆಗ ತಿಳಿಯುತ್ತದೆ: ಕಪಾಟಿನಲ್ಲಿರುವುದು ಬರೀ ಕಾಗದವಲ್ಲ, ತನ್ನ ಕಾಲು.

ಇಲ್ಲಿ ಎರಡು ಪ್ರಶ್ನೆಗಳಿವೆ, ಅವುಗಳನ್ನು ಒಂದೇ ಎಂದು ಭಾವಿಸುವುದರಿಂದಲೇ ಗೊಂದಲ ಹುಟ್ಟುತ್ತದೆ. ಕೊಟ್ಟ ಮಾತನ್ನು ದುಡಿಯುವವನು ನಡೆಸಬೇಕೇ ಎಂಬುದು ಮೊದಲನೆಯದು. ಮಾತು ನಡೆಸಲೆಂದು ಅವನ ದಾಖಲೆಗಳನ್ನು ಹಿಡಿದಿಡಬಹುದೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಹೌದು ಎನ್ನುವ ಧರ್ಮವೂ ಕಾನೂನೂ ಎರಡನೆಯದಕ್ಕೆ ಬೇರೆಯೇ ಉತ್ತರ ನೀಡುತ್ತವೆ. ಆ ಉತ್ತರ ಎಲ್ಲಿಂದ ಬಂತೆಂದು ಇತಿಹಾಸದಲ್ಲಿ ಹುಡುಕುವುದೇ ಈ ಬರಹದ ಉದ್ದೇಶ.

ಕಟ್ಟಿಹಾಕಿದ ಕಾಗದಗಳು

ನಮ್ಮ ಭಾಗದಲ್ಲಿ ಗಿರಮಿಟ್ ಎಂದರೆ ಚುರುಮುರಿಯ ತಿಂಡಿ. ಆದರೆ ಸಾಗರದಾಚೆ ಫಿಜಿ, ಮಾರಿಷಸ್‌ಗಳಲ್ಲಿ ಗಿರ್‌ಮಿಟ್ ಎಂಬ ಪದಕ್ಕೆ ಕಣ್ಣೀರಿನ ಅರ್ಥವಿದೆ. ಅಗ್ರಿಮೆಂಟ್ ಎಂಬ ಇಂಗ್ಲಿಷ್ ಪದವೇ ಕೂಲಿಗಳ ಬಾಯಲ್ಲಿ ಹಾಗಾಯಿತು. 1834ರಿಂದ ಸುಮಾರು ಎಂಟು ದಶಕಗಳ ಕಾಲ ಲಕ್ಷಾಂತರ ಭಾರತೀಯರು ಇಂತಹ ಕರಾರಿಗೆ ಹೆಬ್ಬೆಟ್ಟು ಒತ್ತಿ ಕಬ್ಬಿನ ತೋಟಗಳಿಗೆ ಹೋದರು. ಸಾಮಾನ್ಯವಾಗಿ ಐದು ವರ್ಷದ ಆ ಕರಾರಿನ ಅವಧಿಯಲ್ಲಿ ಕೆಲಸ ಬಿಡುವುದು ಅಪರಾಧವೆನಿಸಿತ್ತು.

ದೇಶದೊಳಗೂ ಪರಿಸ್ಥಿತಿ ಬಹಳ ಭಿನ್ನವಾಗಿರಲಿಲ್ಲ. ಬ್ರಿಟಿಷ್ ಸರಕಾರವು 1859ರಲ್ಲಿ ಕಾರ್ಮಿಕರ ಕರಾರುಭಂಗ ಕಾಯ್ದೆಯನ್ನು ತಂದಿತು. ಮುಂಗಡ ಪಡೆದ ಕುಶಲಕರ್ಮಿಯಾಗಲಿ ಕೂಲಿಯಾಗಲಿ ಕೆಲಸ ಬಿಟ್ಟರೆ, ಮಾಲೀಕನು ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದಿತ್ತು. ಮುಂಗಡ ಹಿಂದಿರುಗಿಸು ಅಥವಾ ಕೆಲಸ ಮುಗಿಸು ಎಂದು ಆದೇಶವಾಗುತ್ತಿತ್ತು. ಅದನ್ನು ಪಾಲಿಸದವನಿಗೆ ಮೂರು ತಿಂಗಳವರೆಗೆ ಕಠಿಣ ಸಜೆ. ಗಮನಿಸಬೇಕಾದ ಸಂಗತಿಯೆಂದರೆ, ಕೂಲಿ ಕೊಡದ ಮಾಲೀಕನಿಗೆ ಆ ಕಾಯ್ದೆಯಲ್ಲಿ ಅಂತಹ ಸಜೆ ಇರಲಿಲ್ಲ. ಒಂದೇ ಕರಾರು, ಇಬ್ಬರ ಸಹಿ. ಜೈಲು ಮಾತ್ರ ಒಬ್ಬನಿಗೆ. 1925ರಲ್ಲಿ ಆ ಕಾಯ್ದೆಯನ್ನು ರದ್ದುಗೊಳಿಸುವ ತೀರ್ಮಾನವಾಯಿತು. ಆದರೂ ಕೊಡಗಿನ ಕಾಫಿ ತೋಟಗಳಿಗಾಗಿ 1926ರಲ್ಲಿ ಅದೇ ಬಗೆಯ ಪ್ರತ್ಯೇಕ ಕಾನೂನನ್ನು ಮಾಡಿ ಕೆಲವು ವರ್ಷ ಉಳಿಸಿಕೊಳ್ಳಲಾಯಿತು.

ಇನ್ನು ಜೀತದ ಕಥೆ ಕನ್ನಡ ನಾಡಿಗೆ ಹೊಸದೇನಲ್ಲ. ಅಜ್ಜ ಪಡೆದ ಸಾಲಕ್ಕೆ ಮೊಮ್ಮಗ ದುಡಿಯುತ್ತಿದ್ದ. ಸಂವಿಧಾನದ 23ನೆಯ ವಿಧಿಯು ಬಲವಂತದ ದುಡಿಮೆಯನ್ನು ನಿಷೇಧಿಸಿತ್ತಾದರೂ, ಜೀತ ಪದ್ಧತಿಯ ರದ್ದತಿಗೆ ಪ್ರತ್ಯೇಕ ಕಾನೂನು ಬಂದದ್ದು 1975ರ ಅಕ್ಟೋಬರ್‌ನ ಸುಗ್ರೀವಾಜ್ಞೆಯ ಮೂಲಕ. ಅದು 1976ರಲ್ಲಿ ಕಾಯ್ದೆಯಾಯಿತು. ಆ ಕಾಯ್ದೆಯ ಎರಡು ಅಂಶಗಳು ನಮ್ಮ ವಿಷಯಕ್ಕೆ ಬೆಳಕು ನೀಡುತ್ತವೆ. ಜೀತವೆಂದರೆ ಬರೀ ಸಂಬಳವಿಲ್ಲದ ದುಡಿಮೆಯಲ್ಲ. ಸಾಲ ಅಥವಾ ಮುಂಗಡದ ಕಾರಣದಿಂದ ಬೇರೆ ಉದ್ಯೋಗ ಹಿಡಿಯುವ ಸ್ವಾತಂತ್ರ್ಯವನ್ನು ಕಳೆದುಕೊಳ್ಳುವುದೂ ಜೀತವೆಂದು ಅದು ವ್ಯಾಖ್ಯಾನಿಸಿತು. ಜೊತೆಗೆ, ಜೀತದಾಳು ಒತ್ತೆಯಿಟ್ಟ ಆಸ್ತಿಯನ್ನು ಬಿಡುಗಡೆ ಮಾಡಿ ಅವನ ವಶಕ್ಕೆ ಮರಳಿಸಬೇಕೆಂದು ವಿಧಿಸಿತು. ಆಳು ಬಿಡುಗಡೆಯಾದರೆ ಸಾಲದು, ಅವನ ಒತ್ತೆಯೂ ಬಿಡುಗಡೆಯಾಗಬೇಕು ಎಂಬುದನ್ನು ಕಾನೂನು ಅರಿತಿತ್ತು.

ಕಂಪ್ಯೂಟರಿನ ಮುಂದೆ ಕುಳಿತ ಪದವೀಧರನನ್ನು ಜೀತದಾಳು ಎಂದು ಕರೆಯುವುದು ಅತಿಶಯೋಕ್ತಿ. ಕಾನೂನೂ ಹಾಗೆ ಹೇಳುವುದಿಲ್ಲ. ಆದರೆ ಉಪಾಯ ಹಳೆಯದೇ. ಬಿಟ್ಟುಹೋಗಲಾರದಂತೆ ಏನನ್ನಾದರೂ ಹಿಡಿದಿಟ್ಟುಕೊಳ್ಳುವುದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಬಲವಂತದ ದುಡಿಮೆಯನ್ನು ಗುರುತಿಸಲು ಪಟ್ಟಿ ಮಾಡಿರುವ ಹನ್ನೊಂದು ಲಕ್ಷಣಗಳಲ್ಲಿ ಗುರುತಿನ ದಾಖಲೆಗಳನ್ನು ಹಿಡಿದಿಡುವುದೂ ಒಂದು.

ಮದ್‌ಯನ್‌ನ ಕರಾರು

ಉದ್ಯೋಗದ ಬಾಂಡ್ ಆಧುನಿಕ ಕಂಪೆನಿಗಳ ಆವಿಷ್ಕಾರವೆಂದು ಭಾವಿಸುವವರು ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯದ 22ರಿಂದ 28ರವರೆಗಿನ ಸೂಕ್ತಗಳನ್ನು ಓದಬೇಕು. ಈಜಿಪ್ಟಿನಿಂದ ತಪ್ಪಿಸಿಕೊಂಡು ಬಂದ ಪ್ರವಾದಿ ಮೂಸಾ(ಅ) ಮದ್‌ಯನ್‌ನ ಬಾವಿಯ ಬಳಿ ಇಬ್ಬರು ಯುವತಿಯರ ಕುರಿಗಳಿಗೆ ನೀರುಣಿಸುತ್ತಾರೆ. ಅವರಲ್ಲೊಬ್ಬಳು ತನ್ನ ತಂದೆಗೆ, ಇವರನ್ನು ಕೆಲಸಕ್ಕಿಟ್ಟುಕೊಳ್ಳಿ, ಬಲವೂ ಪ್ರಾಮಾಣಿಕತೆಯೂ ಉಳ್ಳವರೇ ಕೆಲಸಕ್ಕೆ ಯೋಗ್ಯರು ಎಂಬ ಅಭಿಪ್ರಾಯ ನೀಡುತ್ತಾಳೆ. ಆ ವೃದ್ಧರು ತಮ್ಮ ಮಗಳ ವಿವಾಹದ ಪ್ರಸ್ತಾಪದೊಂದಿಗೆ ಎಂಟು ವರ್ಷಗಳ ಸೇವೆಯ ಷರತ್ತನ್ನು ಮುಂದಿಡುತ್ತಾರೆ. ಹತ್ತು ವರ್ಷ ಪೂರ್ಣಗೊಳಿಸಿದರೆ ಅದು ಮೂಸಾರ ಔದಾರ್ಯ. ಅದರೊಡನೆಯೇ, ನಿಮ್ಮನ್ನು ಕಷ್ಟಕ್ಕೆ ಸಿಲುಕಿಸುವ ಉದ್ದೇಶ ನನಗಿಲ್ಲವೆಂದೂ ತಿಳಿಸುತ್ತಾರೆ. ಮೂಸಾ(ಅ) ಒಪ್ಪುತ್ತಾರೆ, ಎರಡರಲ್ಲಿ ಯಾವ ಅವಧಿಯನ್ನು ಮುಗಿಸಿದರೂ ತನ್ನ ಮೇಲೆ ಅತಿರೇಕವಾಗಬಾರದೆಂದು ಸ್ಪಷ್ಟಪಡಿಸಿಕೊಂಡು, ಅಲ್ಲಾಹನನ್ನು ಸಾಕ್ಷಿಯಾಗಿಸುತ್ತಾರೆ.

ಈ ಕರಾರಿನಲ್ಲಿ ಒಳ್ಳೆಯ ಬಾಂಡಿನ ಎಲ್ಲ ಲಕ್ಷಣಗಳಿವೆ. ಅವಧಿ ನಿಖರ. ಕಡ್ಡಾಯವೆಷ್ಟು, ಐಚ್ಛಿಕವೆಷ್ಟು ಎಂಬುದು ಮೊದಲೇ ಸ್ಪಷ್ಟ. ಪ್ರತಿಫಲ ನಿಶ್ಚಿತ. ಪೀಡಿಸುವುದಿಲ್ಲವೆಂಬ ಮಾತು ಮಾಲೀಕನ ಕಡೆಯಿಂದ ಮೊದಲು ಬರುತ್ತದೆ. ಇಲ್ಲದಿರುವುದು ಒಂದೇ: ಒತ್ತೆ. ಊರಿಲ್ಲದ, ಬಂಧುಗಳಿಲ್ಲದ, ಬೆನ್ನಟ್ಟಿ ಬರುವ ಶತ್ರುಗಳುಳ್ಳ ಒಬ್ಬ ಪರದೇಶಿ ಯುವಕನಿಂದ ಆ ವೃದ್ಧರು ಏನನ್ನೂ ಕಿತ್ತಿಟ್ಟುಕೊಳ್ಳಲಿಲ್ಲ. ಮೂಸಾ(ಅ) ದೀರ್ಘವಾದ ಅವಧಿಯನ್ನೇ ಪೂರ್ಣಗೊಳಿಸಿದರೆಂಬ ಇಬ್ನು ಅಬ್ಬಾಸ್(ರ)ರ ವಿವರಣೆ ಸಹೀಹ್ ಬುಖಾರಿಯಲ್ಲಿದೆ.

ಹಿಜ್‌ರದ ರಾತ್ರಿಯ ಲೆಕ್ಕ

ಕ್ರಿ.ಶ. 622. ಮಕ್ಕಾದ ಮುಖಂಡರು ಪ್ರವಾದಿ ಮುಹಮ್ಮದ್(ಸ)ರನ್ನು ಕೊಲ್ಲಲು ಸಂಚು ಹೂಡಿದ್ದರು. ವಿಚಿತ್ರವೆಂದರೆ, ಅದೇ ಮಕ್ಕಾದ ಜನರ ಬೆಲೆಬಾಳುವ ವಸ್ತುಗಳು ಪ್ರವಾದಿಯವರ ಮನೆಯಲ್ಲಿ ಅಮಾನತ್ತಾಗಿ, ಅಂದರೆ ನಂಬಿ ಒಪ್ಪಿಸಿದ ಸೊತ್ತಾಗಿ ಇದ್ದವು. ಅವರ ಧರ್ಮವನ್ನು ದ್ವೇಷಿಸುತ್ತಿದ್ದವರಿಗೂ ಅವರ ಪ್ರಾಮಾಣಿಕತೆಯಲ್ಲಿ ಸಂಶಯವಿರಲಿಲ್ಲ.

ಲೆಕ್ಕ ಸರಿದೂಗಿಸಲು ಆ ರಾತ್ರಿಗಿಂತ ದೊಡ್ಡ ನೆಪ ಯಾರಿಗೂ ಸಿಕ್ಕಿರಲಾರದು. ಹಿಜ್‌ರ ಹೊರಟ ಮುಸ್ಲಿಮರ ಮನೆ, ಆಸ್ತಿಗಳನ್ನು ಕುರೈಶರು ಕಬಳಿಸುತ್ತಿದ್ದರು. ಅವರು ನಮ್ಮದನ್ನು ಇಟ್ಟುಕೊಂಡಿದ್ದಾರೆ, ನಾವು ಅವರದನ್ನು ಇಟ್ಟುಕೊಳ್ಳೋಣ ಎಂದು ಯಾರಾದರೂ ವಾದಿಸಬಹುದಿತ್ತು. ಪ್ರವಾದಿ(ಸ) ಹಾಗೆ ಮಾಡಲಿಲ್ಲ. ಅಮಾನತ್ತುಗಳನ್ನು ಒಡೆಯರಿಗೆ ತಲುಪಿಸುವ ಹೊಣೆಯನ್ನು ಹಝ್ರತ್ ಅಲೀ(ರ)ರಿಗೆ ವಹಿಸಿದರು. ಅಲೀ(ರ) ಪ್ರಾಣಾಪಾಯದ ನಡುವೆ ಮಕ್ಕಾದಲ್ಲಿ ಉಳಿದು, ಮೂರು ದಿನಗಳಲ್ಲಿ ಎಲ್ಲವನ್ನೂ ಹಿಂದಿರುಗಿಸಿ ಬಳಿಕ ಮದೀನದತ್ತ ಹೊರಟರೆಂದು ಸೀರತ್ ಗ್ರಂಥಗಳು ದಾಖಲಿಸಿವೆ.

ಅದೇ ದಿನಗಳ ಇನ್ನೊಂದು ಘಟನೆ ಇದಕ್ಕೆ ತದ್ವಿರುದ್ಧವಾದ ಚಿತ್ರವನ್ನು ಕೊಡುತ್ತದೆ. ಹಝ್ರತ್ ಸುಹೈಬ್ ರೂಮೀ(ರ) ಮದೀನಕ್ಕೆ ಹೊರಟಾಗ ಕುರೈಶರು ಅವರನ್ನು ತಡೆದರು. ನೀನು ಬರಿಗೈಯಲ್ಲಿ ನಮ್ಮೂರಿಗೆ ಬಂದೆ, ನಮ್ಮ ನಡುವೆ ಬೆಳೆದು ಸಂಪಾದಿಸಿದೆ, ಈಗ ಎಲ್ಲವನ್ನೂ ಕಟ್ಟಿಕೊಂಡು ಹೊರಡುತ್ತೀಯಾ ಎಂಬುದು ಅವರ ತಕರಾರಾಗಿತ್ತು. ಸುಹೈಬ್(ರ) ತಮ್ಮ ಸಂಪತ್ತನ್ನೆಲ್ಲ ಬಿಟ್ಟುಕೊಟ್ಟು ದಾರಿ ಬಿಡಿಸಿಕೊಂಡರು. ಅವರ ವ್ಯಾಪಾರ ಲಾಭದಾಯಕವಾಯಿತೆಂದು ಪ್ರವಾದಿ(ಸ) ಸಂತಸಪಟ್ಟರು.

ನಾವು ನಿನಗೆ ಕೆಲಸ ಕಲಿಸಿದೆವು, ನಮ್ಮಿಂದ ಬೆಳೆದೆ, ಈಗ ಹೋಗುತ್ತೀಯಾ ಎಂದು ಇಂದು ಕೇಳುವ ಉದ್ಯೋಗದಾತನು ಒಮ್ಮೆ ಯೋಚಿಸಲಿ. ಆ ರಾತ್ರಿಗಳಲ್ಲಿ ಎರಡು ಮಾದರಿಗಳಿದ್ದವು: ಶತ್ರುವಿನ ಸೊತ್ತನ್ನೂ ಹಿಂದಿರುಗಿಸಿದ ಮಾದರಿ, ಹೊರಟವನ ಸೊತ್ತನ್ನು ಹಿಡಿದಿಟ್ಟುಕೊಂಡ ಮಾದರಿ. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂಬ ಆದೇಶ ಅನ್ನಿಸಾ ಅಧ್ಯಾಯದ 58ನೆಯ ಸೂಕ್ತದಲ್ಲಿದೆ. ನಂಬಿ ಕೊಟ್ಟವನಿಗೆ ಅಮಾನತ್ತನ್ನು ಮರಳಿಸಬೇಕು, ವಂಚಿಸಿದವನನ್ನೂ ಪ್ರತಿಯಾಗಿ ವಂಚಿಸಬಾರದು ಎಂಬ ಪ್ರವಾದಿಯವರ ಬೋಧನೆಯನ್ನು ಅಬೂದಾವೂದ್ ಮತ್ತು ತಿರ್ಮಿದಿ ವರದಿ ಮಾಡಿದ್ದಾರೆ.

ಹಿಡಿದಿಡುವ ಹಕ್ಕು ಯಾರದು?

ಸಾಲಕ್ಕೆ ಒತ್ತೆ ಇಡುವುದನ್ನು ಇಸ್ಲಾಮ್ ಅನುಮತಿಸಿದೆ. ಅಲ್ ಬಕರ ಅಧ್ಯಾಯದ 283ನೆಯ ಸೂಕ್ತದಲ್ಲಿ ಅದರ ಪ್ರಸ್ತಾಪವಿದೆ. ಹಾಗಾದರೆ ಅಂಕಪಟ್ಟಿಯೂ ಒತ್ತೆಯಲ್ಲವೇ ಎಂದು ಕೇಳಬಹುದು. ಮಾರಲು ಬರುವುದನ್ನೇ ಒತ್ತೆಯಿಡಲು ಬರುತ್ತದೆ ಎಂಬುದು ಫಿಕ್‌ಹ್‌ನಲ್ಲಿ ಪ್ರಸಿದ್ಧ ನಿಯಮ. ಒತ್ತೆಯ ಉದ್ದೇಶವೇ, ಸಾಲ ತೀರದಿದ್ದಾಗ ಅದನ್ನು ಮಾರಿ ಬಾಕಿಯನ್ನು ಪಡೆಯುವುದು. ಒಬ್ಬನ ಅಂಕಪಟ್ಟಿಯನ್ನು ಯಾವ ಸಂತೆಯಲ್ಲಿ ಮಾರಲು ಸಾಧ್ಯ? ಅದರಿಂದ ಮಾಲೀಕನಿಗೆ ಒಂದು ಪೈಸೆಯೂ ಹುಟ್ಟುವುದಿಲ್ಲ. ಹಿಡಿದವನಿಗೆ ಲಾಭವಿಲ್ಲದ, ಕಳೆದುಕೊಂಡವನಿಗೆ ಮಾತ್ರ ನಷ್ಟವಿರುವ ವಸ್ತು ಒತ್ತೆಯಲ್ಲ, ಒತ್ತಡ.

ಇದಕ್ಕಿಂತ ಮಹತ್ವದ ಸಂಗತಿಯೊಂದು ಹನಫೀ ಫಿಕ್‌ಹ್‌ನ ಪ್ರಸಿದ್ಧ ಗ್ರಂಥ ಅಲ್ ಹಿದಾಯದಲ್ಲಿದೆ. ಕ್ರಿ.ಶ. 1197ರಲ್ಲಿ ನಿಧನರಾದ ಇಮಾಮ್ ಮರ್ಗೀನಾನಿಯವರ ಕೃತಿಯದು. ಅಲ್ಲಿ ಬಾಡಿಗೆ ಮತ್ತು ಕೂಲಿಯ ಅಧ್ಯಾಯದಲ್ಲಿ ಬಣ್ಣಗಾರನ ವಿಷಯ ಬರುತ್ತದೆ. ಬಟ್ಟೆಗೆ ಬಣ್ಣ ಹಾಕಿದವನು ತನ್ನ ಕೂಲಿ ಸಿಗುವವರೆಗೆ ಆ ಬಟ್ಟೆಯನ್ನು ಕೊಡದೆ ಇಟ್ಟುಕೊಳ್ಳಬಹುದು. ಏಕೆಂದರೆ ಅವನ ದುಡಿಮೆಯ ಗುರುತು ಆ ಬಟ್ಟೆಯ ಮೇಲಿದೆ. ಹೊರೆ ಹೊತ್ತವನ ಅಥವಾ ದೋಣಿ ನಡೆಸಿದವನ ದುಡಿಮೆಯ ಗುರುತು ಸರಕಿನಲ್ಲಿ ಉಳಿಯುವುದಿಲ್ಲವಾದ್ದರಿಂದ ಅವರಿಗೆ ಆ ಹಕ್ಕಿಲ್ಲ.

ಇಳಕಲ್ಲಿನ ಸೀರೆಯನ್ನೂ ಗುಳೇದಗುಡ್ಡದ ಖಣವನ್ನೂ ಬಲ್ಲ ನಮಗೆ ಈ ಉದಾಹರಣೆ ದೂರದ್ದಲ್ಲ. ನೂಲಿಗೆ ಬಣ್ಣ ಕೂಡಿಸುವವನ ಬೆರಳಿನ ಕೆಂಪು ಕೂಡ ನಮಗೆ ಪರಿಚಿತ. ಎಂಟು ಶತಮಾನಗಳಿಗೂ ಹಿಂದೆ ಆ ಕೆಂಪು ಬೆರಳಿಗೆ ಶರೀಅತ್ತಿನ ವಿದ್ವಾಂಸರು ಹಕ್ಕೊಂದನ್ನು ಕೊಟ್ಟಿದ್ದರು. ಹಿಡಿದಿಡುವ ಹಕ್ಕು ಇಲ್ಲಿ ದುಡಿದವನದು, ಕೂಲಿಗಾಗಿ. ದುಡಿಸಿಕೊಂಡವನದಲ್ಲ.

1872ರ ಭಾರತೀಯ ಕರಾರು ಕಾಯ್ದೆಯ 170ನೆಯ ಕಲಂ ಕೂಡ ಇದೇ ದಾರಿಯಲ್ಲಿದೆ. ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ವ್ಯಯಿಸಿದವನು ತನ್ನ ಪ್ರತಿಫಲ ಸಿಗುವವರೆಗೆ ಅದನ್ನು ಇಟ್ಟುಕೊಳ್ಳಬಹುದೆಂದು ಅದು ಹೇಳುತ್ತದೆ; ವಜ್ರ ಕೊರೆಯುವವನ ಮತ್ತು ಕೋಟು ಹೊಲಿಯುವ ದರ್ಜಿಯ ಉದಾಹರಣೆಗಳನ್ನು ಕೊಡುತ್ತದೆ. ಹಾಗಾದರೆ ಅಂಕಪಟ್ಟಿಯ ಮೇಲೆ ಉದ್ಯೋಗದಾತನು ವ್ಯಯಿಸಿದ ಶ್ರಮವೇನು? ಅದರ ಮೇಲಿರುವ ಗುರುತು ಓದಿದವನ ಶ್ರಮದ್ದು, ಓದಿಸಿದ ತಂದೆತಾಯಿಯರ ಬೆವರಿನದು.

ವಕೀಲರ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಒಂದು ಮುಖ್ಯ ತೀರ್ಪು ನೀಡಿತು. ಶುಲ್ಕ ಬಾಕಿಯಿದೆಯೆಂದು ಕಕ್ಷಿದಾರನ ಕಡತಗಳನ್ನು ವಕೀಲನು ಹಿಡಿದಿಡುವಂತಿಲ್ಲವೆಂದು ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಅದು ಸ್ಪಷ್ಟಪಡಿಸಿತು. ಕಡತಗಳು ಮಾರಾಟವಾಗುವ ಸರಕಲ್ಲವೆಂಬುದು ಅಲ್ಲಿನ ಒಂದು ತರ್ಕ. ಫಿಕ್‌ಹ್‌ನ ವಿದ್ವಾಂಸರು ಒತ್ತೆಯ ಬಗ್ಗೆ ಹೇಳಿದ ತರ್ಕಕ್ಕೆ ಇದು ಎಷ್ಟು ಹತ್ತಿರವೆಂಬುದನ್ನು ಗಮನಿಸಿ.

ಕರ್ನಾಟಕದಿಂದ ಹೊರಟ ಒಂದು ಪ್ರಕರಣ

ಹಾಗೆಂದು ಬಾಂಡಿಗೆ ಬೆಲೆಯೇ ಇಲ್ಲವೆಂದು ಭಾವಿಸಬಾರದು. 1931ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ವಿಜಯಾ ಬ್ಯಾಂಕ್ ತನ್ನ ಅಧಿಕಾರಿಗಳ ನೇಮಕಾತಿಯಲ್ಲಿ ಒಂದು ಷರತ್ತು ಇಟ್ಟಿತ್ತು: ಮೂರು ವರ್ಷದೊಳಗೆ ಬಿಟ್ಟುಹೋದರೆ ಎರಡು ಲಕ್ಷ ರೂಪಾಯಿ ಕಟ್ಟಬೇಕು. 2007ರಲ್ಲಿ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ರಾಜೀನಾಮೆ ನೀಡಿ, ಆಕ್ಷೇಪ ಸಹಿತ ಆ ಹಣವನ್ನು ಕಟ್ಟಿ, ಷರತ್ತನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟ್ ಅವರ ಪರವಾಗಿ ತೀರ್ಪಿತ್ತಿತು. ಬ್ಯಾಂಕು ಮೇಲ್ಮನವಿ ಸಲ್ಲಿಸಿತು. 2025ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯವು ಬ್ಯಾಂಕಿನ ಪರವಾಗಿ ತೀರ್ಪು ನೀಡಿತು. ಉದ್ಯೋಗದ ಅವಧಿಗೆ ಸಂಬಂಧಿಸಿದ ಇಂತಹ ಷರತ್ತು ವೃತ್ತಿಗೆ ತಡೆಯಲ್ಲ, ಸಾರ್ವಜನಿಕ ನೀತಿಗೆ ವಿರುದ್ಧವೂ ಅಲ್ಲ. ಸಾರ್ವಜನಿಕ ಬ್ಯಾಂಕಿಗೆ ಮರುನೇಮಕಾತಿಯ ವೆಚ್ಚವಿದೆ ಎಂಬುದು ಅದರ ನಿಲುವು.

ಈ ತೀರ್ಪನ್ನು ಮುಂದಿಟ್ಟು ದಾಖಲೆಗಳನ್ನು ಹಿಡಿದಿಡುವವರು ಅದನ್ನು ಅರ್ಧವೇ ಓದಿದವರು. ಅಲ್ಲಿ ವಿವಾದವಿದ್ದದ್ದು ಹಣದ ಬಗ್ಗೆ. ನೌಕರ ಹಣ ಕಟ್ಟಿ ಹೊರಟ, ಬೇರೆ ಬ್ಯಾಂಕಿಗೆ ಸೇರಿದ, ಆನಂತರ ಇಬ್ಬರೂ ನ್ಯಾಯಾಲಯದಲ್ಲಿ ವಾದಿಸಿದರು. ಕರಾರು ಮುರಿದರೆ ಪರಿಹಾರ ಕೇಳುವ ದಾರಿ ಇದು. ಆ ಪರಿಹಾರವೂ ನ್ಯಾಯಸಮ್ಮತವಾಗಿರಬೇಕೆಂದು ಕರಾರು ಕಾಯ್ದೆಯ 74ನೆಯ ಕಲಂ ಹೇಳುತ್ತದೆ. ಮನುಷ್ಯನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಕೆಲಸದಲ್ಲೇ ಉಳಿಸುವ ಆದೇಶವನ್ನು ಸಾಮಾನ್ಯವಾಗಿ ನ್ಯಾಯಾಲಯವೂ ಕೊಡುವುದಿಲ್ಲ. ನ್ಯಾಯಾಧೀಶರೇ ಮಾಡದ್ದನ್ನು ಕಪಾಟಿನ ಕೀಲಿಕೈ ಮಾಡುವುದು ಹೇಗೆ ಸರಿಯಾದೀತು?

ಆದರೂ ಈ ರೂಢಿ ಹಲವೆಡೆ ಬೇರೂರಿದೆ. 2011 ಮತ್ತು 2012ರಲ್ಲಿ ದೆಹಲಿ, ಮುಂಬಯಿ ಮತ್ತು ಕೇರಳದ ಖಾಸಗಿ ಆಸ್ಪತ್ರೆಗಳ ದಾದಿಯರು ಮುಷ್ಕರ ಹೂಡಿದಾಗ, ಬಾಂಡ್ ರದ್ದತಿ ಮತ್ತು ಹಿಡಿದಿಟ್ಟ ಪ್ರಮಾಣಪತ್ರಗಳ ಮರಳಿಕೆ ಅವರ ಮುಖ್ಯ ಬೇಡಿಕೆಗಳಲ್ಲಿ ಸೇರಿದ್ದವು. ವಿದ್ಯಾರ್ಥಿಗಳ ಮೂಲ ಪ್ರಮಾಣಪತ್ರಗಳನ್ನು ಕಾಲೇಜುಗಳು ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲಿ ಅಧಿಸೂಚನೆ ಹೊರಡಿಸಬೇಕಾಯಿತು. ಕರಾವಳಿಯ ನಮ್ಮ ಸಹೋದರರಿಗೆ ಕೊಲ್ಲಿ ರಾಷ್ಟ್ರಗಳ ಪಾಸ್‌ಪೋರ್ಟಿನ ಕಥೆ ತಿಳಿಯದ್ದೇನಲ್ಲ. ಭಾರತದ 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟು ಕೇಂದ್ರ ಸರಕಾರದ ಸೊತ್ತು. ಮಾಲೀಕನು ಅದನ್ನು ಒತ್ತೆಯಾಗಿ ಪಡೆಯುವ ಪ್ರಶ್ನೆಯೇ ಏಳುವುದಿಲ್ಲ. ಕತಾರ್ 2015ರ ತನ್ನ 21ನೆಯ ಕಾನೂನಿನಲ್ಲಿ, ನೌಕರನ ಪಾಸ್‌ಪೋರ್ಟನ್ನು ನಿಯಮ ಮೀರಿ ಇಟ್ಟುಕೊಂಡವರಿಗೆ 25,000 ರಿಯಾಲ್‌ವರೆಗೆ ದಂಡ ವಿಧಿಸಿತು.

ಬಿಡುಗಡೆಯ ಕಾಗದ

ಇಸ್ಲಾಮಿನ ಇತಿಹಾಸದಲ್ಲಿ ದುಡಿಯುವವನ ಹೆಸರಿನಲ್ಲಿ ಬರೆದ ಇನ್ನೊಂದು ಬಗೆಯ ಕಾಗದವಿದೆ. ಅದಕ್ಕೆ ಮುಕಾತಬಾ ಎನ್ನುತ್ತಾರೆ. ಗುಲಾಮನು ನಿಶ್ಚಿತ ಮೊತ್ತವನ್ನು ತೀರಿಸಿ ಸ್ವತಂತ್ರನಾಗುವ ಲಿಖಿತ ಕರಾರು ಅದು. ಅಂತಹ ಕರಾರನ್ನು ಬಯಸುವವರಿಗೆ, ಅವರಲ್ಲಿ ಒಳಿತನ್ನು ಕಂಡರೆ, ಬರೆದುಕೊಡುವಂತೆಯೂ ನೆರವಾಗುವಂತೆಯೂ ಅನ್ನೂರ್ ಅಧ್ಯಾಯದ 33ನೆಯ ಸೂಕ್ತ ಆದೇಶಿಸುತ್ತದೆ. ಹಝ್ರತ್ ಸಲ್ಮಾನ್ ಫಾರಿಸೀ(ರ) ಹೀಗೆಯೇ ಬಿಡುಗಡೆ ಹೊಂದಿದರು. ಅವರ ಬೆಲೆ ಮುನ್ನೂರು ಖರ್ಜೂರದ ಸಸಿಗಳು ಮತ್ತು ನಲವತ್ತು ಊಕಿಯ ಚಿನ್ನ. ಸಹಾಬಿಗಳು ಒಬ್ಬೊಬ್ಬರು ತಮ್ಮಿಂದಾದಷ್ಟು ಸಸಿಗಳನ್ನು ತಂದರು. ಪ್ರವಾದಿ(ಸ) ತಮ್ಮ ಕೈಯಿಂದಲೇ ನೆಟ್ಟರು. ಒಬ್ಬನ ಬಂಧನವನ್ನು ಬಿಡಿಸಲು ಇಡೀ ಸಮುದಾಯ ಮಣ್ಣು ಅಗೆಯಿತು.

ಇಂದು ನಮ್ಮ ಜಮಾಅತ್‌ಗಳು ಈ ಮಾದರಿಯಿಂದ ಕಲಿಯುವುದಿದೆ. ಬಾಂಡಿನ ಹಣ ಕಟ್ಟಲಾಗದೆ ಸಿಲುಕಿಕೊಂಡ ಬಡ ಮನೆಯ ಹುಡುಗಿಗೆ ಸಾಲವಾಗಿಯೋ ನೆರವಾಗಿಯೋ ಕೈ ಚಾಚಬಹುದು. ಸಾಲದಲ್ಲಿ ಮುಳುಗಿದವರಿಗೆ ಝಕಾತ್‌ನಲ್ಲಿ ಪಾಲಿದೆ. ಯಾವ ಸಂದರ್ಭಕ್ಕೆ ಅದು ಅನ್ವಯಿಸುತ್ತದೆಂದು ಆಲಿಮರಲ್ಲಿ ವಿಚಾರಿಸಿ ನಿರ್ಧರಿಸಬೇಕು.

ನಮ್ಮ ಮನೆ, ನಮ್ಮ ಅಂಗಡಿ

ಮಕ್ಕಳನ್ನು ಕೆಲಸಕ್ಕೆ ಕಳುಹಿಸುವ ಹೆತ್ತವರು ಕೆಲವು ಸಂಗತಿಗಳನ್ನು ನೆನಪಿಡಲಿ. ಸಹಿ ಮಾಡುವ ಮೊದಲು ಬಾಂಡನ್ನು ಪೂರ್ಣ ಓದಿ, ಒಂದು ಪ್ರತಿಯನ್ನು ಪಡೆದುಕೊಳ್ಳಿ. ಮೂಲ ದಾಖಲೆಗಳನ್ನು ತೋರಿಸಿ, ದೃಢೀಕರಿಸಿದ ನಕಲುಗಳನ್ನು ಕೊಡಿ. ಮೂಲವನ್ನೇ ಕೇಳಿದರೆ ಏಕೆ, ಎಷ್ಟು ದಿನಕ್ಕೆ ಎಂದು ಬರೆಸಿಕೊಂಡು, ಪ್ರತಿಯೊಂದು ದಾಖಲೆಯ ಹೆಸರಿರುವ ರಸೀದಿಯನ್ನು ಪಡೆಯಿರಿ. ಹಿಡಿದಿಟ್ಟರೆ ಅಂಚೆಯ ಮೂಲಕ ಲಿಖಿತವಾಗಿ ಕೇಳಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ.

ಇನ್ನೊಂದು ಎಚ್ಚರಿಕೆ. ದಾಖಲೆ ಕಳೆದುಹೋಯಿತೆಂದು ಪೊಲೀಸರಿಗೆ ಹೇಳಿ, ಪ್ರಮಾಣಪತ್ರ ಬರೆದುಕೊಟ್ಟು ನಕಲು ಅಂಕಪಟ್ಟಿ ಪಡೆಯಿರಿ ಎಂದು ಸಲಹೆ ಕೊಡುವವರಿದ್ದಾರೆ. ದಾಖಲೆ ಕಳೆದಿಲ್ಲ, ಎಲ್ಲಿದೆಯೆಂದು ನಿಮಗೆ ಗೊತ್ತು. ಅದು ಸುಳ್ಳು ಪ್ರಮಾಣ. ಅನ್ಯಾಯಕ್ಕೊಳಗಾದವನು ಸುಳ್ಳು ಸಾಕ್ಷಿಯಾಗುವ ಅಗತ್ಯವಿಲ್ಲ. ಹಾಗೆಯೇ ಮಾತು ಕೊಟ್ಟು ತರಬೇತಿ ಪಡೆದು, ಸೂಚನೆಯನ್ನೂ ನೀಡದೆ ಹೊರಟುಹೋಗುವುದೂ ಸತ್ಯವಿಶ್ವಾಸಿಗೆ ಒಪ್ಪುವ ನಡೆಯಲ್ಲ. ಕರಾರುಗಳನ್ನು ಪೂರ್ಣಗೊಳಿಸಬೇಕೆಂಬ ಅಲ್ ಮಾಇದ ಅಧ್ಯಾಯದ ಆರಂಭದ ಆದೇಶ ನೌಕರನಿಗೂ ಅನ್ವಯಿಸುತ್ತದೆ.

ಕೊನೆಯ ಮಾತು ನಮ್ಮಲ್ಲೇ ಉದ್ಯೋಗದಾತರಾಗಿರುವವರಿಗೆ. ಶಾಲೆ ನಡೆಸುವವರು, ಆಸ್ಪತ್ರೆ ಕಟ್ಟಿದವರು, ಅಂಗಡಿ ಇಟ್ಟವರು ಇಂದೇ ತಮ್ಮ ಕಪಾಟನ್ನು ತೆರೆದು ನೋಡಲಿ. ಅಲ್ಲಿ ಯಾರದಾದರೂ ಅಂಕಪಟ್ಟಿ ಇದೆಯೇ? ಆ ನೌಕರ ನಿಮಗೆ ಹಣ ಕೊಡಬೇಕಾಗಿದ್ದರೆ ಹಣವನ್ನು ಕೇಳಿ, ಕಷ್ಟದಲ್ಲಿದ್ದರೆ ಸಮಯ ಕೊಡಿ, ಒಪ್ಪದಿದ್ದರೆ ನ್ಯಾಯಾಲಯವಿದೆ. ಆದರೆ ಆ ಕಾಗದ ನಿಮ್ಮದಲ್ಲ. ತಮ್ಮನ್ನು ಕೊಲ್ಲಲು ಬಂದವರ ಸೊತ್ತನ್ನೂ ಮೂರು ದಿನಗಳಲ್ಲಿ ತಲುಪಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು ನಾವು. ಬಿಟ್ಟುಹೋದ ಗುಮಾಸ್ತನ ಅಂಕಪಟ್ಟಿಯನ್ನು ಮೂರು ವರ್ಷ ಇಟ್ಟುಕೊಳ್ಳಲು ನಮ್ಮ ಬಳಿ ಯಾವ ನೆಪವಿದೆ?

ಅಮಾನತ್ತುಗಳನ್ನು ಅವುಗಳ ಒಡೆಯರಿಗೆ ತಲುಪಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.